ಆಕಳಿಗೆ 60, ಎಮ್ಮೆಗೆ 50, ಕಾಡುಕುರಿಗೆ 6: ಸಸ್ತನಿಗಳ ಕ್ರೋಮೋಸೋಮ್ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಕ್ರೋಮೋಸೋಮ್ ಅಂದರೆ ಕೋಶದೊಳಗಿನ ಡಿಎನ್‌ಎ ತುಂಡು. ಅದರ ಪಾಠ ಬಂದಾಗಲೆಲ್ಲ ಪ್ರಶ್ನೆಗಳು ಸಿಲಬಸ್ ದಾಟಿ ಹೋಗುತ್ತವೆ. ಮಕ್ಕಳು ಮನೆಯ ದನಕರುಗಳ ಬಗ್ಗೆ ಕೇಳುತ್ತಾರೆ. ಅವರ ಅಪ್ಪಂದಿರು ಕೃಷಿ ಮೇಳದಲ್ಲಿ ಸಿಕ್ಕರೆ ತಳಿ ಬೆರೆಸುವ ಬಗ್ಗೆ ಕೇಳುತ್ತಾರೆ. ಕೆಲವರು ಆಸ್ಪತ್ರೆಯ ರಿಪೋರ್ಟ್ ಹಿಡಿದುಕೊಂಡು ಬಂದು, ಇದರಲ್ಲಿ 45 ಅಂತ ಬರೆದಿದೆ, ಏನಾಗಿದೆ ಅಂತ ಹೆದರಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ರೋಮೋಸೋಮ್ ಜಾಸ್ತಿ ಇದ್ದರೆ ಪ್ರಾಣಿ ಜಾಸ್ತಿ ಬುದ್ಧಿವಂತ ಅಂತಲಾ?

ಅಲ್ಲ. ನಾಯಿಗೆ 78, ಒಂಟೆಗೆ 74, ಆನೆಗೆ 56, ಮನುಷ್ಯನಿಗೆ 46, ಬೆಕ್ಕಿಗೆ 38. ಹುಲಿ, ಸಿಂಹ, ಚಿರತೆಗೂ ಬೆಕ್ಕಿನಷ್ಟೇ 38. ನಮ್ಮ ಮನೆಯ ಹೆಂಚಿನ ಮೇಲೆ ಓಡಾಡುವ ಕೆಂಪು ಮುಖದ ಮಂಗನಿಗೆ 42. ಈ ಪಟ್ಟಿಯಲ್ಲಿ ಬುದ್ಧಿಯ ಕ್ರಮವೂ ಇಲ್ಲ, ಗಾತ್ರದ ಕ್ರಮವೂ ಇಲ್ಲ.

ಹಾಗಾದರೆ ಈ ಸಂಖ್ಯೆ ಏನನ್ನು ಹೇಳುತ್ತದೆ?

ಡಿಎನ್‌ಎ ಎಷ್ಟು ತುಂಡುಗಳಲ್ಲಿ ಕೂತಿದೆ ಅನ್ನುವುದನ್ನು ಮಾತ್ರ. ಒಂದೇ ಪುಸ್ತಕವನ್ನು 3 ಸಂಪುಟದಲ್ಲೂ ಬೈಂಡ್ ಮಾಡಿಸಬಹುದು, 23 ಸಂಪುಟದಲ್ಲೂ ಮಾಡಿಸಬಹುದು, ಒಳಗಿನ ಮಾತು ಹೆಚ್ಚು ಕಡಿಮೆ ಅದೇ ಇರುತ್ತದೆ ಅಲ್ವಾ, ಇಲ್ಲೂ ಹಾಗೇ. ಬಹುತೇಕ ಸಸ್ತನಿಗಳ ಒಂದು ಸೆಟ್ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಆಸುಪಾಸಿನಲ್ಲೇ ಇದೆ. ಜೀನ್‌ಗಳ ಸಂಖ್ಯೆಯೂ ಹೆಚ್ಚು ಕಡಿಮೆ ಒಂದೇ, ಸುಮಾರು 20 ಸಾವಿರ. ತುಂಡುಗಳ ಸಂಖ್ಯೆ ಮಾತ್ರ 6ರಿಂದ 102ರವರೆಗೆ ಹರಡಿಕೊಂಡಿದೆ.

6 ಅಂದರೆ ನಿಜವಾಗಿಯೂ ಆರೇ? ಯಾವ ಪ್ರಾಣಿ ಅದು?

ಆರೇ. ಅದು ದಾಂಡೇಲಿ ಕಡೆಯ ಕಾಡಿನಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಅದು ಜಿಂಕೆಯ ಜಾತಿ. ಭಾರತದ ಕಾಡುಕುರಿಯಲ್ಲಿ ಹೆಣ್ಣಿಗೆ 6, ಗಂಡಿಗೆ 7. ಡೋರಿಸ್ ವುರ್ಸ್ಟರ್ ಮತ್ತು ಕುರ್ಟ್ ಬೆನಿರ್ಷ್ಕೆ ಅನ್ನುವ ಇಬ್ಬರು 1970ರಲ್ಲಿ ಇದನ್ನು ಪ್ರಕಟಿಸಿದರು. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆ ಇನ್ನೂ ಸಿಕ್ಕಿಲ್ಲ.

ಇದಕ್ಕಿಂತ ದೊಡ್ಡ ಆಶ್ಚರ್ಯ ಅದರ ನೆಂಟನದು. ಚೀನಾದ ಕಾಡುಕುರಿಗೆ 46. ನೋಡಲು ಎರಡೂ ಒಂದೇ ಥರ. ಪ್ರಾಣಿ ಸಂಗ್ರಹಾಲಯಗಳಲ್ಲಿ ಕೂಡಿಸಿದಾಗ ಮರಿಯೂ ಹುಟ್ಟಿದೆ, ಆದರೆ ಆ ಮರಿಗೆ ಮುಂದೆ ಸಂತಾನವಾಗುವುದಿಲ್ಲ. ಜಿಂಕೆಗಳ ಪೂರ್ವಜನಿಗೆ ಇದ್ದಿದ್ದು ಸುಮಾರು 70 ಅಂತ ಲೆಕ್ಕ ಹಾಕಿದ್ದಾರೆ, ನಮ್ಮ ಚುಕ್ಕೆ ಜಿಂಕೆಗೆ ಇವತ್ತಿಗೂ 66 ಇದೆ. ಅಂದರೆ ಕಾಡುಕುರಿಯ ವಂಶದಲ್ಲಿ ತುಂಡುಗಳು ಒಂದಕ್ಕೊಂದು, ತುದಿಗೆ ತುದಿ ಅಂಟಿಕೊಳ್ಳುತ್ತಾ ಹೋಗಿವೆ. ಈಗಿನ ಅದರ ಉದ್ದನೆಯ ಕ್ರೋಮೋಸೋಮ್‌ನ ಒಳಗೆ ಹಳೆಯ ಅಂಟುಗಳ ಗುರುತು ಸಾಲಾಗಿ ಕಾಣುತ್ತದೆ.

102 ಇರುವ ಪ್ರಾಣಿ ಯಾವುದು?

ಅರ್ಜೆಂಟೀನಾದ ಮರುಭೂಮಿಯ ಒಂದು ಇಲಿ, ಕೆಂಪು ವಿಸ್ಕಾಚಾ ಇಲಿ ಅನ್ನುತ್ತಾರೆ. ಅದರ ಇಡೀ ಡಿಎನ್‌ಎ ಒಮ್ಮೆಲೇ ಎರಡು ಪಟ್ಟಾಗಿದೆ ಅಂತ 1999ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ 2005ರಲ್ಲಿ ಬಣ್ಣ ಹಚ್ಚಿ ನೋಡಿದಾಗ, 2017ರಲ್ಲಿ ಅಕ್ಷರಶಃ ಓದಿದಾಗ, ಹಾಗೇನಿಲ್ಲ ಅಂತ ಗೊತ್ತಾಯಿತು. ಒಂದೇ ಬಗೆಯ ಸಾಲುಗಳು ಮತ್ತೆ ಮತ್ತೆ ನಕಲಾಗಿ ಡಿಎನ್‌ಎ ಉಬ್ಬಿದೆ, ಅಷ್ಟೇ. ಗಿಡಗಳಲ್ಲಿ ಪೂರ್ತಿ ಇಮ್ಮಡಿಯಾಗುವುದು ಮಾಮೂಲು, ನಾವು ತಿನ್ನುವ ಗೋಧಿ, ಹೊಲದಲ್ಲಿ ಬೆಳೆಯುವ ಬಿಟಿ ಹತ್ತಿ, ಶೇಂಗಾ ಎಲ್ಲ ಹಾಗೆ ಆದವೇ. ಸಸ್ತನಿಗಳಲ್ಲಿ ಆ ದಾರಿ ನಡೆಯುವುದಿಲ್ಲ.

ಸಂಖ್ಯೆ ಬದಲಾಗುವುದು ಹೇಗೆ? ಸರಳವಾಗಿ ಹೇಳಿ.

ಪ್ರತಿ ಕ್ರೋಮೋಸೋಮ್‌ಗೆ ಸೆಂಟ್ರೋಮಿಯರ್ ಅಂತ ಒಂದು ಜಾಗ ಇರುತ್ತದೆ. ಕೋಶ ಒಡೆಯುವಾಗ ಎಳೆಗಳು ಬಂದು ಹಿಡಿಯುವುದು ಅಲ್ಲೇ. ಕೆಲವದರಲ್ಲಿ ಅದು ನಡುವೆ ಇರುತ್ತದೆ, ಆಗ ಎರಡು ತೋಳು. ಕೆಲವದರಲ್ಲಿ ತುದಿಯಲ್ಲಿ ಇರುತ್ತದೆ, ಆಗ ಒಂದೇ ತೋಳು. ಒಂದೇ ತೋಳಿನ ಎರಡು ಕ್ರೋಮೋಸೋಮ್‌ಗಳು ಸೆಂಟ್ರೋಮಿಯರ್ ಹತ್ತಿರ ಮುರಿದು ಒಂದಕ್ಕೊಂದು ಅಂಟಿಕೊಂಡರೆ, ಎರಡು ತೋಳಿನ ಒಂದು ಕ್ರೋಮೋಸೋಮ್ ಆಗುತ್ತದೆ. ರಾಬರ್ಟ್‌ಸನ್ ಅನ್ನುವವರು 1916ರಲ್ಲಿ ಮಿಡತೆಗಳಲ್ಲಿ ಇದನ್ನು ಗುರುತಿಸಿದ್ದರು, ಅದಕ್ಕೇ ಇದಕ್ಕೆ ರಾಬರ್ಟ್‌ಸೋನಿಯನ್ ಜೋಡಣೆ ಅನ್ನುತ್ತಾರೆ. ಸಸ್ತನಿಗಳಲ್ಲಿ ಜಾಸ್ತಿ ನಡೆಯುವುದು ಇದೇ. ಕಾಡುಕುರಿಯಲ್ಲಿ ಆದ ಹಾಗೆ ತುದಿ ಜೋಡಣೆಯೂ ಉಂಟು. ಅಪರೂಪಕ್ಕೆ ಒಂದು ಮುರಿದು ಎರಡಾಗುವುದೂ ಉಂಟು.

ಇದಕ್ಕೆ ಉದಾಹರಣೆ ನೋಡಲು ದೂರ ಹೋಗಬೇಕಿಲ್ಲ. ಹಾವೇರಿ, ಗದಗ ಕಡೆಯ ಒಂದೇ ಹಿಂಡಿನಲ್ಲಿ ಕುರಿಯೂ ಇರುತ್ತದೆ, ಆಡೂ ಇರುತ್ತದೆ. ಆಡಿಗೆ 60. ಕುರಿಯಲ್ಲಿ ಅವೇ ತೋಳುಗಳು, ಆದರೆ ಮೂರು ಕಡೆ ಜೋಡಣೆಯಾಗಿದೆ. ಒಂದು ಜೋಡಣೆಗೆ ಎರಡು ಕಡಿಮೆ, ಅಪ್ಪನ ಕಡೆಯಿಂದ ಒಂದು, ಅವ್ವನ ಕಡೆಯಿಂದ ಒಂದು. ಹಾಗಾಗಿ 60ರಲ್ಲಿ 6 ಕಳೆದು 54. ಆಕಳಿಗೂ 60, ಎಲ್ಲ ಒಂದೇ ತೋಳಿನವು, ಗಂಡು ಹೆಣ್ಣು ನಿರ್ಧರಿಸುವ ಎಕ್ಸ್ ಮತ್ತು ವೈ ಬಿಟ್ಟು ಹೇಳುತ್ತಿದ್ದೇನೆ. ಎಮ್ಮೆಯಲ್ಲಿ ಐದು ಜೋಡಣೆ. 60ರಲ್ಲಿ 10 ಹೋದರೆ 50. ಲೆಕ್ಕ ಇಷ್ಟು ಚೊಕ್ಕ ಇದೆ, ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿದಾಗ ಅವರ ಮುಖ ನೋಡಬೇಕು.

ಎಲ್ಲ ಎಮ್ಮೆಗಳಿಗೂ 50 ಇರುತ್ತದಾ? ಮುರ್ರಾ ಕೋಣ ತಂದು ನಮ್ಮ ಎಮ್ಮೆಗೆ ಕೂಡಿಸಿದರೆ ತೊಂದರೆ ಇಲ್ವಾ?

ಈ ವಿಷಯದಲ್ಲಿ ತೊಂದರೆ ಇಲ್ಲ. ಮುರ್ರಾ, ಸುರ್ತಿ, ಪಂಢರಪುರಿ, ನಮ್ಮ ಧಾರವಾಡಿ ಎಲ್ಲ ನದಿ ಎಮ್ಮೆಯ ಗುಂಪಿನವು, 50. ಈಶಾನ್ಯ ಭಾರತದಿಂದ ಆಚೆ ಚೀನಾ, ಫಿಲಿಪೈನ್ಸ್ ತನಕ ಇರುವುದು ಜೌಗು ಎಮ್ಮೆ, ಅದಕ್ಕೆ 48, ಯಾಕೆಂದರೆ ಅಲ್ಲಿ ಇನ್ನೊಂದು ಜೋಡಣೆ ಆಗಿದೆ. ಎರಡನ್ನೂ ಕೂಡಿಸಿದರೆ 49 ಇರುವ ಕರು ಹುಟ್ಟುತ್ತದೆ, ಅದು ಬೆಳೆದು ಗಬ್ಬವೂ ಆಗುತ್ತದೆ.

ಕ್ರೋಮೋಸೋಮ್ ಸರಿ ಹೋಗುತ್ತದೆ ಅಂದ ಮಾತ್ರಕ್ಕೆ ಧಾರವಾಡಿ ಎಮ್ಮೆಯನ್ನೆಲ್ಲ ಮುರ್ರಾ ಮಾಡಿಬಿಡಿ ಅಂತ ನಾನು ಹೇಳುತ್ತಿಲ್ಲ. ಪೇಢೆಯ ಹಾಲಿನ ಈ ತಳಿಗೆ 2021ರಲ್ಲಷ್ಟೇ ದೇಶದ ಮಟ್ಟದ ಅಧಿಕೃತ ಮಾನ್ಯತೆ ಸಿಕ್ಕಿದೆ. ಬಿಸಿಲು ತಡೆಯುವ, ಒಣ ಕಣಿಕೆ ತಿಂದು ಹಾಲು ಕೊಡುವ ಜವಾರಿ ಎಮ್ಮೆ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ.

ಜವಾರಿ ಆಕಳಿಗೆ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸುತ್ತೇವಲ್ಲ, ಅವುಗಳ ಸಂಖ್ಯೆ ಬೇರೆಯಾ?

ಒಂದೇ, 60. ಖಿಲಾರಿಗೂ 60, ಎಚ್‌ಎಫ್‌ಗೂ 60. ಒಂದು ಸಣ್ಣ ವ್ಯತ್ಯಾಸ ಇದೆ: ಹಿಣಿಲು ಇರುವ ನಮ್ಮ ಹೋರಿಗಳ ವೈ ಕ್ರೋಮೋಸೋಮ್ ಒಂದೇ ತೋಳಿನದು, ವಿದೇಶಿ ಹೋರಿಯದು ಎರಡು ತೋಳಿನದು. ಅದರಿಂದ ಸಂತಾನಕ್ಕೆ ಅಡ್ಡಿಯಿಲ್ಲ, ಆದರೆ ಒಂದು ಹೋರಿಯ ತಂದೆಯ ಕಡೆಯ ವಂಶ ಯಾವುದು ಅಂತ ಸೂಕ್ಷ್ಮದರ್ಶಕದಲ್ಲೇ ಹೇಳಬಹುದು.

ವಿದೇಶಿ ತಳಿಗಳ ವಿಷಯದಲ್ಲಿ ಇನ್ನೊಂದು ಕಥೆ ಗೊತ್ತಿರಬೇಕು. 1964ರಲ್ಲಿ ಸ್ವೀಡನ್ನಿನ ಗುಸ್ತಾವ್ಸನ್ ಅನ್ನುವ ವಿಜ್ಞಾನಿ ಅಲ್ಲಿನ ಕೆಂಪು-ಬಿಳಿ ದನಗಳಲ್ಲಿ 1ನೇ ಮತ್ತು 29ನೇ ಕ್ರೋಮೋಸೋಮ್ ಅಂಟಿಕೊಂಡಿದ್ದನ್ನು ಕಂಡರು. ದನ ಆರೋಗ್ಯವಾಗಿಯೇ ಇರುತ್ತದೆ, ಹಾಲೂ ಕೊಡುತ್ತದೆ. ಗಬ್ಬ ನಿಲ್ಲುವುದು ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ. ಒಂದು ಹೋರಿಯ ವೀರ್ಯ ಸಾವಿರಾರು ಆಕಳಿಗೆ ಹೋಗುವ ಈ ಕಾಲದಲ್ಲಿ ಆ ಸ್ವಲ್ಪವೇ ದೊಡ್ಡ ನಷ್ಟ, ಅದಕ್ಕೇ ವೀರ್ಯ ಕೇಂದ್ರಗಳಲ್ಲಿ ಹೋರಿಯ ಕ್ರೋಮೋಸೋಮ್ ಪರೀಕ್ಷೆ ಮಾಡುತ್ತಾರೆ.

ಹೇಸರಗತ್ತೆಗೆ ಮರಿ ಆಗದಿರುವುದು ಬೆಸ ಸಂಖ್ಯೆಯಿಂದಲೇ ತಾನೆ?

ಪಠ್ಯಪುಸ್ತಕ ಹಾಗೆ ಹೇಳುತ್ತದೆ, ಆದರೆ ಅದು ಅರ್ಧ ಉತ್ತರ. ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63. ಈಗ ಮಂಗೋಲಿಯಾದ ಪ್ರಜೆವಾಲ್ಸ್ಕಿ ಕಾಡುಕುದುರೆ ನೋಡಿ. ಅದಕ್ಕೆ 66. ಸಾಕು ಕುದುರೆಯ ಜೊತೆ ಕೂಡಿದರೆ ಮರಿಗೆ 65, ಅದೂ ಬೆಸ. ಆದರೆ ಆ ಮರಿ ದೊಡ್ಡದಾಗಿ ತಾನೂ ಮರಿ ಹಾಕುತ್ತದೆ.

ವ್ಯತ್ಯಾಸ ಎಲ್ಲಿದೆ? ಕಾಡುಕುದುರೆಗೂ ಸಾಕು ಕುದುರೆಗೂ ನಡುವೆ ಇರುವುದು ಒಂದೇ ಒಂದು ಜೋಡಣೆ. ಅಂಡ ಅಥವಾ ವೀರ್ಯ ಆಗುವಾಗ, ಅಂಟಿಕೊಂಡ ಒಂದು ಕ್ರೋಮೋಸೋಮ್ ಪಕ್ಕ ಬಿಡಿಬಿಡಿಯಾದ ಎರಡು ಬಂದು ಮೂವರೂ ಸೇರಿ ಸರಿಯಾಗಿ ಕೂರುತ್ತವೆ, ಮತ್ತೆ ಸರಿಯಾಗಿ ಬೇರೆಯಾಗುತ್ತವೆ. ಕುದುರೆ ಮತ್ತು ಕತ್ತೆಯ ನಡುವೆ ಮಾತ್ರ ಒಂದಲ್ಲ ಎರಡಲ್ಲ, ಎಷ್ಟೋ ಕಡೆ ತುಂಡುಗಳು ತಿರುಗಿವೆ, ಜಾಗ ಬದಲಿಸಿವೆ. ಜೊತೆಗಾರ ಸಿಗದೆ ಎಲ್ಲ ತಪ್ಪುತ್ತದೆ. ಹಾಗಾಗಿ ಸಂಖ್ಯೆ ನೋಡಿ ಸಂತಾನದ ತೀರ್ಪು ಕೊಡಬೇಡಿ. ಆಕಳಿಗೂ ಆಡಿಗೂ ಎರಡಕ್ಕೂ 60, ಅವು ಕೂಡಿ ಏನೂ ಹುಟ್ಟುವುದಿಲ್ಲ. ಯುರೋಪಿನ ಕೆಲವು ಕಾಡುಹಂದಿಗೆ 36, ಊರ ಹಂದಿಗೆ 38, ಅವುಗಳ 37ರ ಮರಿಗಳು ಚೆನ್ನಾಗಿಯೇ ಮರಿ ಹಾಕುತ್ತವೆ.

ರಾಣೆಬೆನ್ನೂರಿನ ಕೃಷ್ಣಮೃಗಗಳಲ್ಲಿ ಗಂಡಿಗೂ ಹೆಣ್ಣಿಗೂ ಸಂಖ್ಯೆ ಬೇರೆ ಅಂತ ಕೇಳಿದೆ, ಹೌದಾ?

ಹೌದು. ನಮ್ಮ ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಹೆಸರು ಕೊಟ್ಟಿರುವ ಚಿಗರಿಯೇ ಇದು. ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಆಗಿದ್ದು ಇದರ ಸಲುವಾಗಿಯೇ. ಇದರ ಸಂಖ್ಯೆ 30ರಿಂದ 33ರ ನಡುವೆ. ಇದರ ವಂಶದಲ್ಲಿ ಎಕ್ಸ್ ಕ್ರೋಮೋಸೋಮ್ ಇನ್ನೊಂದು ಮಾಮೂಲಿ ಕ್ರೋಮೋಸೋಮ್‌ಗೆ ಅಂಟಿಕೊಂಡಿದೆ. ಹೆಣ್ಣಿಗೆ ಅಂತಹ ಎರಡು ಅಂಟು ಎಕ್ಸ್. ಗಂಡಿಗೆ ಒಂದು ಅಂಟು ಎಕ್ಸ್, ಒಂದು ವೈ, ಜೊತೆಗೆ ಅಂಟದೆ ಉಳಿದ ಆ ಮಾಮೂಲಿ ಕ್ರೋಮೋಸೋಮ್ ಒಂದು. ಹಾಗಾಗಿ ಗಂಡಿಗೆ ಒಂದು ಜಾಸ್ತಿ. ಕಾಡುಕುರಿಯ 6 ಮತ್ತು 7ರ ಗುಟ್ಟೂ ಇದೇ.

ಆಸ್ಟ್ರೇಲಿಯಾದ ಪ್ರಾಣಿಗಳ ಕಥೆ ಏನು?

ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿಗಳಲ್ಲಿ 14 ಬಹಳ ಸಾಮಾನ್ಯ, ಕಡಿಮೆ ಅಂದರೆ 10. ಮೊಟ್ಟೆ ಇಡುವ ಪ್ಲಾಟಿಪಸ್‌ಗೆ 52, ಅದರಲ್ಲಿ ಗಂಡಿಗೆ ಐದು ಎಕ್ಸ್, ಐದು ವೈ. 2004ರಲ್ಲಿ ಇದು ಖಚಿತವಾಯಿತು.

ಒಂದು ಪ್ರಾಣಿಯಲ್ಲಿ ಆದ ಜೋಡಣೆ ಇಡೀ ಜಾತಿಗೆ ಹರಡುವುದು ಹೇಗೆ? ಲಾಭ ಇಲ್ಲದಿದ್ದರೆ ಯಾಕೆ ಉಳಿಯಬೇಕು?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಹೊಸ ಜೋಡಣೆ ಮೊದಲು ಒಂದೇ ಪ್ರಾಣಿಯಲ್ಲಿ ಇರುತ್ತದೆ, ಅದೂ ಜೊತೆಯಿಲ್ಲದೆ. ಸಂತಾನದಲ್ಲಿ ಸ್ವಲ್ಪ ನಷ್ಟವೂ ಇರಬಹುದು. ದೊಡ್ಡ ಹಿಂಡಿನಲ್ಲಿ ಅದು ಕೆಲವು ತಲೆಮಾರಿನಲ್ಲಿ ಮಾಯವಾಗುತ್ತದೆ. ಸಣ್ಣ ಗುಂಪು ಒಂದೇ ಕಡೆ ಸಿಕ್ಕಿಕೊಂಡು ತಮ್ಮತಮ್ಮಲ್ಲೇ ಕೂಡುತ್ತಿದ್ದರೆ, ಅದೃಷ್ಟದಿಂದಲೇ ಅದು ಎಲ್ಲರಿಗೂ ಬರಬಹುದು.

ಪೋರ್ಚುಗಲ್‌ಗೆ ಸೇರಿದ ಮಡೇರಾ ದ್ವೀಪದಲ್ಲಿ ಹೀಗೇ ಆಗಿದೆ. ಮನೆಯ ಸಣ್ಣ ಇಲಿಗೆ ಸಾಮಾನ್ಯವಾಗಿ 40. ಜನರ ಹಡಗಿನಲ್ಲಿ ಆ ದ್ವೀಪಕ್ಕೆ ಹೋದ ಇಲಿಗಳು ಕಡಿದಾದ ಬೆಟ್ಟಗಳ ನಡುವಿನ ಕಣಿವೆಗಳಲ್ಲಿ ಬೇರೆ ಬೇರೆಯಾಗಿ ನೆಲೆ ನಿಂತವು. ಈಗ ಅಲ್ಲಿ ಆರು ಗುಂಪುಗಳಿವೆ, ಕೆಲವಕ್ಕೆ 22ರಷ್ಟು ಕಡಿಮೆ. ವಿಜ್ಞಾನಿಗಳು 2000ರಲ್ಲಿ ಇದನ್ನು ಪ್ರಕಟಿಸಿದಾಗ ಎಲ್ಲರಿಗೂ ಅಚ್ಚರಿಯಾಗಿದ್ದು ವೇಗದ ಬಗ್ಗೆ, ಯಾಕೆಂದರೆ ಇಷ್ಟೆಲ್ಲ ನಡೆದಿದ್ದು ಲಕ್ಷಾಂತರ ವರ್ಷಗಳಲ್ಲಿ ಅಲ್ಲ, ಕೆಲವೇ ಶತಮಾನಗಳಲ್ಲಿ. ಒಂದು ಗುಂಪಿನಲ್ಲಿ ಅ ತೋಳು ಆ ತೋಳಿಗೆ ಅಂಟಿ, ಪಕ್ಕದ ಗುಂಪಿನಲ್ಲಿ ಅದೇ ಆ ತೋಳು ಇ ತೋಳಿಗೆ ಅಂಟಿದ್ದರೆ, ಎರಡೂ ಗುಂಪು ತಮ್ಮಷ್ಟಕ್ಕೆ ಚೆನ್ನಾಗಿರುತ್ತವೆ, ಬೆರೆತಾಗ ಮಾತ್ರ ಉದ್ದನೆಯ ಸರಪಳಿ ಸಿಕ್ಕಿಹಾಕಿಕೊಂಡು ಸಂತಾನ ಕೆಡುತ್ತದೆ. ಹೊಸ ಜಾತಿ ಹುಟ್ಟಲು ಇದೂ ಒಂದು ದಾರಿ.

ಅದೃಷ್ಟ ಒಂದೇ ಅಲ್ಲ. ಹೆಣ್ಣಿನಲ್ಲಿ ಅಂಡ ಆಗುವಾಗ ಒಂದು ಪಾಲು ಮಾತ್ರ ಅಂಡವಾಗುತ್ತದೆ, ಉಳಿದವು ಸಣ್ಣ ಕೋಶಗಳಾಗಿ ಸಾಯುತ್ತವೆ. ಅಂಡದ ಕಡೆಗೆ ಹೋಗುವ ಅವಕಾಶ ಅಂಟಿದ ಕ್ರೋಮೋಸೋಮ್‌ಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಪ್ರಾಣಿಗೆ ಯಾವ ಲಾಭ ಇಲ್ಲದೆಯೇ ಅದು ಹರಡುತ್ತದೆ. ಪಾರ್ಡೋ-ಮ್ಯಾನುಯೆಲ್ ಡಿ ವಿಲೇನಾ ಮತ್ತು ಸೇಪಿಯೆಂಜಾ ಅನ್ನುವ ವಿಜ್ಞಾನಿಗಳು 2001ರಲ್ಲಿ ಈ ವಾದ ಮುಂದಿಟ್ಟರು. ಮನುಷ್ಯರಲ್ಲೂ, ಅಂಟಿದ ಕ್ರೋಮೋಸೋಮ್ ಇರುವ ತಾಯಂದಿರು ಅದನ್ನು ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ದಾಟಿಸುತ್ತಾರೆ ಅಂತ ಅವರು ತೋರಿಸಿದರು. ಕೆಲವು ಜಾತಿಗಳಲ್ಲಿ ಈ ಒಲವು ಉಲ್ಟಾ ಇರುತ್ತದೆ. ಆಕಳಲ್ಲಿ ಹೆಚ್ಚು ಕಡಿಮೆ ಎಲ್ಲ ಒಂದೇ ತೋಳಿನವು, ಇನ್ನು ಕೆಲವು ಪ್ರಾಣಿಗಳಲ್ಲಿ ಹೆಚ್ಚಿನವು ಎರಡು ತೋಳಿನವು, ಅರೆಬರೆ ಇರುವುದು ಕಡಿಮೆ. ಯಾಕೆ ಅನ್ನುವುದಕ್ಕೆ ನನಗೆ ಬಹಳ ಹಿಡಿಸಿದ ವಿವರಣೆ ಇದು.

ನಮ್ಮ ಕಡೆಯ ಪ್ರಾಣಿಗಳಲ್ಲಿ ಇಂತಹ ಬದಲಾವಣೆ ಆಗಿದ್ದು ಗೊತ್ತಿದೆಯಾ?

ಕಾಳಿನ ಚೀಲ ಕಡಿಯುವ ಕಪ್ಪು ಇಲಿಯ ವಿಷಯ ಕೇಳಿ. ಪೂರ್ವ ಏಷ್ಯಾದಲ್ಲಿ ಆ ಗುಂಪಿನ ಇಲಿಗೆ 42, ಶ್ರೀಲಂಕಾದಲ್ಲಿ 40, ದಕ್ಷಿಣ ಭಾರತದಲ್ಲಿ 38. ಜಪಾನಿನ ತೊಸಿಹಿಡೆ ಯೊಸಿಡಾ ಊರೂರು ಇಲಿಗಳ ಕ್ರೋಮೋಸೋಮ್ ಎಣಿಸಿ, 38ರ ಇಲಿ ಹುಟ್ಟಿದ್ದು ದಕ್ಷಿಣ ಭಾರತದಲ್ಲೇ, ಇಲ್ಲಿಂದಲೇ ಯುರೋಪಿಗೆ, ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋಯಿತು ಅಂತ ತೀರ್ಮಾನಿಸಿದರು.

ಎಲ್ಲ ಸಸ್ತನಿಗಳ ಮೂಲ ಪೂರ್ವಜನಿಗೆ ಎಷ್ಟಿತ್ತು?

ಸುಮಾರು 18 ಕೋಟಿ ವರ್ಷ ಹಿಂದಿನ ಆ ಪ್ರಾಣಿಯ ಡಿಎನ್‌ಎ ಸಿಗುವುದಿಲ್ಲ. ಈಗಿರುವ ಪ್ರಾಣಿಗಳಲ್ಲಿ ಯಾವ ಜೀನ್ ಪಕ್ಕ ಯಾವ ಜೀನ್ ಇದೆ ಅಂತ ಹೋಲಿಸಿ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. 32 ಜೀವಿಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 19 ಜೋಡಿ, ಜೊತೆಗೆ ಲಿಂಗ ನಿರ್ಧರಿಸುವ ಒಂದು ಜೋಡಿ ಅಂತ ಬಂದಿದೆ. ಅಂದರೆ ಒಟ್ಟು 40.

ಚಿಂಪಾಂಜಿಗೆ 48, ನಮಗೆ 46. ಎರಡು ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ, ನಮ್ಮ 2ನೇ ಕ್ರೋಮೋಸೋಮ್‌ನಲ್ಲೇ ಇವೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48. ಅವುಗಳಲ್ಲಿ ಬಿಡಿಯಾಗಿರುವ ಎರಡು ನಮ್ಮಲ್ಲಿ ತುದಿಗೆ ತುದಿ ಅಂಟಿವೆ. ಕ್ರೋಮೋಸೋಮ್‌ನ ತುದಿಯಲ್ಲಿ ಮಾತ್ರ ಇರಬೇಕಾದ ಅಕ್ಷರಗಳ ಸಾಲು ನಮ್ಮ 2ನೇ ಕ್ರೋಮೋಸೋಮ್‌ನ ಒಳಗೆ, ಎದುರುಬದುರಾಗಿ ಇರುವುದು 1991ರಲ್ಲಿ ಸಿಕ್ಕಿತು. ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೋಮಿಯರ್‌ನ ಗುರುತೂ ಅಲ್ಲಿದೆ. ಸೈಬೀರಿಯಾದ ಗುಹೆಯಲ್ಲಿ ಕುರುಹು ಸಿಕ್ಕ, ಈಗ ಅಳಿದುಹೋಗಿರುವ ಡೆನಿಸೋವನ್ ಮನುಷ್ಯರ ಡಿಎನ್‌ಎಯಲ್ಲೂ ಇದೇ ಅಂಟು ಇದೆ, ಹಾಗಾಗಿ ಇದು ನಾವು ಅವರಿಂದ ಬೇರೆಯಾಗುವ ಮೊದಲೇ ಆಗಿದ್ದು. ಇದರಿಂದಲೇ ನಾವು ಮನುಷ್ಯರಾದೆವು ಅಂತ ಕೆಲವರು ವಾಟ್ಸಾಪ್‌ನಲ್ಲಿ ಹಾಕುತ್ತಾರೆ, ಅದಕ್ಕೆ ಆಧಾರ ಇಲ್ಲ.

ಇಷ್ಟು ಸಣ್ಣದನ್ನು ಎಣಿಸುವುದು ಹೇಗೆ?

ರಕ್ತದ ಬಿಳಿ ಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ಒಡೆಯುವ ಹೊತ್ತಿಗೆ ಕಾಲ್ಚಿಸಿನ್ ಹಾಕಿ ನಿಲ್ಲಿಸುತ್ತಾರೆ. ಬೇಲಿಯಲ್ಲಿ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆಯ ಗಡ್ಡೆಯಲ್ಲಿರುವ ವಿಷವೇ ಅದು. ಆಮೇಲೆ ಉಪ್ಪು ಕಡಿಮೆ ಇರುವ ನೀರಿನಲ್ಲಿ ಕೋಶ ಉಬ್ಬಿಸಿ, ಗಾಜಿನ ಮೇಲೆ ಹನಿಸಿ, ಬಣ್ಣ ಹಾಕಿ ನೋಡುತ್ತಾರೆ. ಉಬ್ಬಿಸುವ ಉಪಾಯ ಇಲ್ಲದ ಕಾಲದಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದು ಕಾಣುತ್ತಿತ್ತು. 1923ರಲ್ಲಿ ಪೇಂಟರ್ ಅನ್ನುವ ವಿಜ್ಞಾನಿ ಮನುಷ್ಯನಿಗೆ 48 ಅಂದರು, 30 ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಅದನ್ನೇ ಬರೆದರು. ಜಾವಾದಲ್ಲಿ ಹುಟ್ಟಿದ ಜೋ ಹಿನ್ ಜಿಯೋ, ಸ್ವೀಡನ್ನಿನ ಲೆವಾನ್ ಜೊತೆ 1956ರಲ್ಲಿ 46 ಅಂತ ಸರಿಪಡಿಸಿದರು.

ನಮ್ಮ ಮನೆಯವರ ರಿಪೋರ್ಟ್‌ನಲ್ಲಿ 45 ಇದೆ. ಇದು ಕಾಯಿಲೆಯಾ?

ಮೊದಲು ಒಂದು ಮಾತು: 45 ಅಂದ ತಕ್ಷಣ ಏನೋ ಕಳೆದುಹೋಗಿದೆ ಅಂದುಕೊಳ್ಳಬೇಡಿ. ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಕುರಿಯಲ್ಲಿ ಆದಂತಹ ಜೋಡಣೆಯೇ ಇರುತ್ತದೆ, ಹೆಚ್ಚಾಗಿ 13 ಮತ್ತು 14ನೆಯವು ಅಂಟಿರುತ್ತವೆ. ಬೇಕಾದ ಜೀನ್ ಎಲ್ಲ ಇರುತ್ತವೆ, ಆ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾರೆ. ಬೇರೆ ಕಾರಣದ 45 ಕೂಡ ಉಂಟು, ಒಂದೇ ಎಕ್ಸ್ ಇರುವ ಟರ್ನರ್ ಸ್ಥಿತಿ ಅದು, ಅದಕ್ಕೆ ಚಿಕಿತ್ಸೆ ಬೇಕು. ರಿಪೋರ್ಟ್‌ನಲ್ಲಿ ಯಾವುದು ಅಂತ ಬರೆದಿರುತ್ತದೆ.

ಜೋಡಣೆ ಇದ್ದವರಿಗೆ ತೊಂದರೆ ಬರುವುದು ಮಕ್ಕಳಾಗುವಾಗ. ಕೆಲವು ಅಂಡ ಅಥವಾ ವೀರ್ಯದಲ್ಲಿ ಒಂದು ತುಂಡು ಜಾಸ್ತಿಯಾಗಿ ಅಥವಾ ಕಡಿಮೆಯಾಗಿ ಗರ್ಭ ನಿಲ್ಲದೆ ಹೋಗಬಹುದು. 14 ಮತ್ತು 21 ಅಂಟಿದ್ದರೆ ಡೌನ್ ಸಿಂಡ್ರೋಮ್ (21ನೆಯದು ಒಂದು ಜಾಸ್ತಿಯಾಗುವ ಸ್ಥಿತಿ) ಇರುವ ಮಗು ಹುಟ್ಟುವ ಸಾಧ್ಯತೆ ಇದೆ: ತಾಯಿಯ ಕಡೆಯಿಂದ ಬಂದರೆ ನೂರಕ್ಕೆ 10ರಿಂದ 15, ತಂದೆಯ ಕಡೆಯಿಂದಾದರೆ 1ರ ಆಸುಪಾಸು. 21ಕ್ಕೆ 21ನೆಯದೇ ಅಂಟಿದ್ದರೆ ಮಾತ್ರ ಹುಟ್ಟುವ ಎಲ್ಲ ಮಕ್ಕಳಿಗೂ ಡೌನ್ ಸಿಂಡ್ರೋಮ್ ಬರುತ್ತದೆ. ಹಾಗಾಗಿ ಅನುವಂಶೀಯತೆ ಗೊತ್ತಿರುವ ವೈದ್ಯರ ಜೊತೆ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ. ಗರ್ಭ ಪದೇ ಪದೇ ಹೋದರೆ ಸೊಸೆಯನ್ನು ಒಬ್ಬಳನ್ನೇ ಪರೀಕ್ಷೆಗೆ ಕಳಿಸುವುದು ನಮ್ಮ ಕಡೆ ಇನ್ನೂ ಇದೆ. ಇದು ತಪ್ಪು. ಮಗನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು, ಜೋಡಣೆ ಯಾರಲ್ಲಿ ಬೇಕಾದರೂ ಇರಬಹುದು, ಮತ್ತು ಯಾರಲ್ಲಿದ್ದರೂ ಅದು ಅವರ ತಪ್ಪಲ್ಲ.

ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಆದರೆ ಕ್ರೋಮೋಸೋಮ್ ಅಂಟಿಕೊಳ್ಳುತ್ತವಾ?

ಇಲ್ಲ. ಸಂಬಂಧದಲ್ಲಿ ಮದುವೆಯಾದರೆ ಬೇರೆ ಅನುವಂಶೀಯ ಕಾಯಿಲೆಗಳ ಅಪಾಯ ಹೆಚ್ಚುತ್ತದೆ, ಅದು ನಿಜ, ಆ ಕಾರಣಕ್ಕೆ ನಾನು ಬೇಡ ಅಂತಲೇ ಹೇಳುತ್ತೇನೆ. ಜೋಡಣೆ ಮಾತ್ರ ಅದರಿಂದ ಹುಟ್ಟುವುದಿಲ್ಲ. ಮೊದಲೇ ಮನೆತನದಲ್ಲಿದ್ದ ಒಂದೇ ಜೋಡಣೆ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿಯಾಗುತ್ತದೆ, ಅಷ್ಟೇ. ಆಗ ಮಗುವಿಗೆ ಎರಡೂ ಕಡೆಯಿಂದ ಅಂಟಿದ್ದೇ ಬಂದು 44 ಆಗಬಹುದು.

44 ಇದ್ದವರು ಬದುಕಿದ್ದಾರಾ? ಮುಂದೆ ಮನುಷ್ಯರೆಲ್ಲ 44 ಆಗಬಹುದಾ?

ಬದುಕಿದ್ದಾರೆ, ಆರೋಗ್ಯವಾಗಿಯೂ ಇದ್ದಾರೆ. ಫಿನ್ಲೆಂಡ್, ಚೀನಾ ಸೇರಿ ಕೆಲವು ಕಡೆಯಿಂದ ವೈದ್ಯಕೀಯ ವರದಿಗಳಿವೆ. ಎಲ್ಲ ಜೋಡಿಯಾಗಿಯೇ ಇರುವುದರಿಂದ ಅವರ ಅಂಡ ಅಥವಾ ವೀರ್ಯ ಆಗುವಾಗ 45ರವರಿಗಿಂತ ಗೊಂದಲ ಕಡಿಮೆ. 46ರವರನ್ನು ಮದುವೆಯಾದರೆ ಮಕ್ಕಳೆಲ್ಲ 45.

ಇಡೀ ಮನುಷ್ಯ ಜಾತಿ 44 ಆಗುವುದು ಮಾತ್ರ ಈಗ ಕಷ್ಟ. ನಮ್ಮ 2ನೇ ಕ್ರೋಮೋಸೋಮ್ ಅಂಟಿಕೊಂಡ ಕಾಲದಲ್ಲಿ ಪೂರ್ವಜರು ಸಣ್ಣ ಸಣ್ಣ ಗುಂಪುಗಳಲ್ಲಿದ್ದರು, ಮಡೇರಾದ ಕಣಿವೆಯ ಇಲಿಗಳ ಹಾಗೆ. ಈಗ 800 ಕೋಟಿ ಜನ, ಹುಬ್ಬಳ್ಳಿಯ ಹುಡುಗಿ ಬೆಂಗಳೂರಿಗೋ ಬೋಸ್ಟನ್‌ಗೋ ಹೋಗಿ ಬೇರೆ ಊರಿನವನನ್ನು ಮದುವೆಯಾಗುತ್ತಾಳೆ. ಇಷ್ಟು ದೊಡ್ಡ, ಇಷ್ಟು ಬೆರೆಯುವ ಜನಸಂಖ್ಯೆಯಲ್ಲಿ ಹೊಸ ಜೋಡಣೆಗಳು ಹುಟ್ಟುತ್ತಲೇ ಇರುತ್ತವೆ, ಕೆಲವು ತಲೆಮಾರು ಒಂದೊಂದು ಮನೆತನದಲ್ಲಿ ಓಡಾಡಿ ಕಾಣೆಯಾಗುತ್ತಲೂ ಇರುತ್ತವೆ.